ಪಾಲಿಮರೇಸ್ ಒಂದಿದ್ರೆ ಸಾಲಲ್ವಾ, ಎಬೋಲಾ ಥರದ ವೈರಸ್‌ಗೆ ಬೇರೆ ಪ್ರೋಟೀನ್ ಯಾಕೆ ಬೇಕು?

ಎಬೋಲಾ ಹತ್ರ ತನ್ನದೇ ಪಾಲಿಮರೇಸ್ (ಆರ್‌ಎನ್‌ಎ ನೋಡ್ಕೊಂಡು ಹೊಸ ಆರ್‌ಎನ್‌ಎ ಕಟ್ಟೋ ಕಿಣ್ವ) ಇರುವಾಗ ಜೀನ್ ಓದೋಕೆ ಇನ್ನೂ ಮೂರ್ನಾಲ್ಕು ಪ್ರೋಟೀನ್ ಯಾಕೆ ಅಂತ ಕೇಳಿದೀರಿ. ವೈರಾಲಜಿ ಓದೋವಾಗ ನನಗೂ ಇದೇ ಡೌಟ್ ಇತ್ತು, ಎಲ್ಲಾ ಕೆಲಸನೂ ಎಲ್ ಪ್ರೋಟೀನ್ (ಅದೇ ಪಾಲಿಮರೇಸ್) ಒಂದೇ ಮಾಡುತ್ತೆ ಅಂದ್ಕೊಂಡಿದ್ದೆ.

ಎಬೋಲಾ ಥರದವು ನೆಗೆಟಿವ್ ಸ್ಟ್ರಾಂಡ್ ವೈರಸ್‌ಗಳು, ಅಂದ್ರೆ ಇವುಗಳ ಆರ್‌ಎನ್‌ಎನ ರೈಬೋಸೋಮ್ (ಜೀವಕೋಶದಲ್ಲಿ ಪ್ರೋಟೀನ್ ಮಾಡೋ ಯಂತ್ರ) ನೇರವಾಗಿ ಓದಕ್ಕಾಗಲ್ಲ, ಮೊದಲು ಅದರಿಂದ ಎಂಆರ್‌ಎನ್‌ಎ (ರೈಬೋಸೋಮ್ ಓದಬಲ್ಲ ಪ್ರತಿ) ಆಗ್ಬೇಕು, ಅದಕ್ಕೆ ಬೇಕಾದ ಪಾಲಿಮರೇಸ್ ನಮ್ಮ ಜೀವಕೋಶದಲ್ಲಿ ಸಿಗಲ್ಲ, ಹಾಗಾಗಿ ಬರೋವಾಗ್ಲೇ ಹೊತ್ಕೊಂಡು ಬರ್ತವೆ. ಆದ್ರೆ ಆ ಆರ್‌ಎನ್‌ಎ ಬರಿ ಎಳೆಯಾಗಿರಲ್ಲ, ಉದ್ದಕ್ಕೂ ನ್ಯೂಕ್ಲಿಯೋಪ್ರೋಟೀನ್ ಅನ್ನೋ ವೈರಸ್‌ನದೇ ಪ್ರೋಟೀನ್ ಹೊದ್ಕೊಂಡಿರುತ್ತೆ, ಎಲ್‌ಗೆ ಅದರ ಮೇಲೆ ಹಿಡಿತ ಸಿಗ್ಬೇಕಂದ್ರೆ ಮಧ್ಯೆ ಎರಡನ್ನೂ ಹಿಡ್ಕೊಳ್ಳೋದೊಂದು ಬೇಕು. ರೇಬೀಸ್, ದಡಾರದ ವೈರಸ್‌ನಲ್ಲಿ ಅದು ಪಿ ಪ್ರೋಟೀನ್, ಎಬೋಲಾದಲ್ಲಿ ವಿಪಿ35.

ನನಗೆ ತುಂಬಾ ಇಷ್ಟ ಆಗಿದ್ದು ಎಬೋಲಾದ ಇನ್ನೊಂದು ಪ್ರೋಟೀನ್, ವಿಪಿ30. ಎಬೋಲಾದ ಮೊದಲನೇ ಜೀನ್ ಶುರುವಾಗೋ ಕಡೆನೇ ಆರ್‌ಎನ್‌ಎ ಹೇರ್‌ಪಿನ್ ಥರ ಮಡಚ್ಕೊಳ್ಳುತ್ತೆ, ವಿಪಿ30 ಇಲ್ಲಾಂದ್ರೆ ಟ್ರಾನ್ಸ್‌ಕ್ರಿಪ್ಷನ್ (ಎಂಆರ್‌ಎನ್‌ಎ ಮಾಡೋ ಕೆಲಸ) ಅಲ್ಲೇ ನಿಂತ್ಹೋಗುತ್ತೆ, ಆ ಮಡಿಕೆ ಆಗದ ಹಾಗೆ ಆರ್‌ಎನ್‌ಎ ಬದಲಾಯಿಸಿದ್ರೆ ವಿಪಿ30 ಇಲ್ದೇನೂ ನಡೆಯುತ್ತೆ. ಇನ್ನೂ ಒಂದಿದೆ ನೋಡಿ, ವಿಪಿ30 ಮೇಲೆ ಫಾಸ್ಫೇಟ್ ಕೂತಷ್ಟೂ ಟ್ರಾನ್ಸ್‌ಕ್ರಿಪ್ಷನ್ ತಗ್ಗುತ್ತೆ, ಆದ್ರೆ ಜೀನೋಮ್ (ವೈರಸ್‌ನ ಪೂರ್ತಿ ಆರ್‌ಎನ್‌ಎ) ಕಾಪಿ ಮಾಡೋ ಕೆಲಸ ನಡೀತಾನೇ ಇರುತ್ತೆ. ಆ ಫಾಸ್ಫೇಟ್ ತೆಗೆಸೋಕೆ ವೈರಸ್‌ನ ನ್ಯೂಕ್ಲಿಯೋಪ್ರೋಟೀನ್ ನಮ್ಮದೇ ಜೀವಕೋಶದ ಪಿಪಿ2ಎ ಅನ್ನೋ ಕಿಣ್ವನ ಹಿಡ್ಕೊಂಡ್ ಬರುತ್ತೆ! ಯಾವಾಗ ಎಂಆರ್‌ಎನ್‌ಎ ಮಾಡ್ಬೇಕು, ಯಾವಾಗ ಬೇಡ ಅನ್ನೋ ಸ್ವಿಚ್ ಇದು.

ಮಕ್ಕಳಿಗೆ ಉಸಿರಾಟದ ಸೋಂಕು ತರೋ ಆರ್‌ಎಸ್‌ವಿಯಲ್ಲಿ ಕಷ್ಟ ಬೇರೆ. ಅಲ್ಲಿ ಪಾಲಿಮರೇಸ್ ಶುರು ಮಾಡುತ್ತೆ, ಆದ್ರೆ ಎಂ2-1 ಪ್ರೋಟೀನ್ ಇಲ್ಲಾಂದ್ರೆ ಜೀನ್ ಮುಗಿಯೋ ಮುಂಚೆನೇ ಕಳಚ್ಕೊಂಡ್ಬಿಡುತ್ತೆ, 10 ಜೀನ್‌ಗಳಲ್ಲಿ ಅತಿ ಉದ್ದದ್ದು, ಕೊನೇದು ಎಲ್ ಜೀನೇ ಆಗಿರೋದ್ರಿಂದ ಪಾಲಿಮರೇಸ್ ಹೊಸದಾಗಿ ಹುಟ್ಟೋದೂ ಕಷ್ಟ.

ಎಲ್ ಒಂದೇ ಸಾಲಲ್ಲ ಅನ್ನೋಕೆ ರೇಬೀಸ್ ವೈರಸ್ಸೇ ಸಾಕ್ಷಿ. 1994ರಲ್ಲಿ ಅದನ್ನ ಲ್ಯಾಬ್‌ನಲ್ಲಿ ಡಿಎನ್‌ಎ ಕಾಪಿಯಿಂದ ಎಬ್ಬಿಸಿದಾಗ ಪೂರ್ತಿ ಜೀನೋಮ್ ಕೊಟ್ಟಿದ್ದಷ್ಟೇ ಅಲ್ಲ, ನ್ಯೂಕ್ಲಿಯೋಪ್ರೋಟೀನ್, ಪಿ, ಎಲ್ ಮೂರನ್ನೂ ಅದೇ ಜೀವಕೋಶದಲ್ಲಿ ಬೇರೆಯಾಗಿ ಮಾಡಿಸ್ಬೇಕಾಯ್ತು.