ಫ್ಲೋರಿಡಾದ ಥೀಮ್ ಪಾರ್ಕ್: ನಿವಾಸಿಗಳಿಗೆ ಯಾವ ಟಿಕೆಟ್, ಹೊರಗಿನವರಿಗೆ ಯಾವುದು?

ಪ್ರಶ್ನೆ: ನಾವು ಫ್ಲೋರಿಡಾದ ಟ್ಯಾಂಪಾದಲ್ಲಿ ನೆಲೆಸಿದ್ದೇವೆ. ನಮಗೆ ಎಂಟು ಮತ್ತು ಎರಡು ವರ್ಷದ ಇಬ್ಬರು ಮಕ್ಕಳು. ಡಿಸೆಂಬರ್ ಕೊನೆಯ ವಾರ ನ್ಯೂಜೆರ್ಸಿಯಿಂದ ಅಣ್ಣನ ಕುಟುಂಬ ಬರಲಿದೆ. ಪ್ರವಾಸಿ ವೀಸಾದ ಮೇಲೆ ಊರಿನಿಂದ ಬಂದಿರುವ ಅಪ್ಪ ಅಮ್ಮ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಎಲ್ಲರೂ ಸೇರಿ ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ಹೋಗಬೇಕೆಂದಿದ್ದೇವೆ. ಫ್ಲೋರಿಡಾ ನಿವಾಸಿಗಳ ರಿಯಾಯಿತಿ ದರದಲ್ಲಿ ಎಲ್ಲರ ಟಿಕೆಟನ್ನೂ ನಾನೇ ಕೊಳ್ಳಬಹುದೇ? ಒಂದೆರಡು ದಿನ ಬಳಸಿ ಉಳಿದ ಟಿಕೆಟನ್ನು ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುವವರಿಂದ ಕೊಳ್ಳಬಹುದೇ?
– ಓದುಗರು, ಟ್ಯಾಂಪಾ

ಉತ್ತರ: ಎಲ್ಲರಿಗೂ ಕೊಳ್ಳಲಾಗದು. ನಿವಾಸಿಗಳ ರಿಯಾಯಿತಿಯು ಹಣ ಕೊಡುವವರಿಗೆ ಸಂಬಂಧಿಸಿದ್ದಲ್ಲ, ಟಿಕೆಟ್ ಹಿಡಿದು ಒಳಗೆ ಹೋಗುವ ವ್ಯಕ್ತಿಗೆ ಸಂಬಂಧಿಸಿದ್ದು. ಆ ದರದಲ್ಲಿ ಪ್ರವೇಶಿಸುವ ಪ್ರತಿಯೊಬ್ಬ ವಯಸ್ಕರೂ ಫ್ಲೋರಿಡಾದ ವಿಳಾಸವಿರುವ ಚಾಲನಾ ಪರವಾನಗಿಯನ್ನೋ ರಾಜ್ಯದ ಗುರುತಿನ ಚೀಟಿಯನ್ನೋ ತೋರಿಸಬೇಕಾಗುತ್ತದೆ. ನೀವು ಈಚೆಗಷ್ಟೇ ಈ ರಾಜ್ಯಕ್ಕೆ ಬಂದು ಹಳೆಯ ರಾಜ್ಯದ ಪರವಾನಗಿಯನ್ನೇ ಇಟ್ಟುಕೊಂಡಿದ್ದರೆ, ಭಾವಚಿತ್ರವಿರುವ ಗುರುತಿನ ಚೀಟಿಯ ಜೊತೆಗೆ ನಿಮ್ಮ ಹೆಸರಿನಲ್ಲಿರುವ ಇತ್ತೀಚಿನ ವಿದ್ಯುತ್ ಬಿಲ್ಲು ಅಥವಾ ವಾಹನದ ನೋಂದಣಿ ಪತ್ರದಂಥ ದಾಖಲೆ ಒಯ್ಯಿರಿ. ನಿಮ್ಮ ಅಪ್ಪ ಅಮ್ಮ ತಿಂಗಳುಗಟ್ಟಲೆ ನಿಮ್ಮಲ್ಲೇ ಇದ್ದರೂ ಪ್ರವಾಸಿ ವೀಸಾದವರಾದ್ದರಿಂದ ನಿವಾಸಿಗಳೆನಿಸುವುದಿಲ್ಲ. ಅವರಿಗೂ ಅಣ್ಣನ ಕುಟುಂಬಕ್ಕೂ ಹೊರಗಿನವರ ದರವೇ ಅನ್ವಯಿಸುತ್ತದೆ. ಬಾಗಿಲ ಬಳಿ ತಡೆದು ದರದ ವ್ಯತ್ಯಾಸ ಕೇಳಿದಾಗ ಹಿರಿಯರಿಗಾಗುವ ಮುಜುಗರವನ್ನು ನೆನೆದು, ಈ ಪ್ರಯತ್ನವನ್ನೇ ಮಾಡಬೇಡಿರೆಂದು ಕಳಕಳಿಯಿಂದ ಹೇಳುತ್ತೇನೆ.

ನಿಮ್ಮ ಕುಟುಂಬದ ಮಟ್ಟಿಗೂ ಒಂದು ಅಡಚಣೆಯಿದೆ. ನಿವಾಸಿಗಳಿಗಾಗಿ ಆಗಾಗ ಪ್ರಕಟವಾಗುವ ಮೂರು ಅಥವಾ ನಾಲ್ಕು ದಿನಗಳ ಅಗ್ಗದ ಟಿಕೆಟ್‌ಗಳು ಸಾಮಾನ್ಯವಾಗಿ ಜನ ಕಡಿಮೆಯಿರುವ ತಿಂಗಳುಗಳಿಗೆ ಮೀಸಲು, ಕ್ರಿಸ್‌ಮಸ್ ವಾರಕ್ಕೆ ಅವು ನಡೆಯುವುದಿಲ್ಲ. ನಿವಾಸಿಗಳಿಗೆ ಮಾತ್ರ ಸಿಗುವ, ಬಹುತೇಕ ವಾರದ ದಿನಗಳಿಗಷ್ಟೇ ಸೀಮಿತವಾದ ಪಿಕ್ಸಿ ಡಸ್ಟ್ ಎಂಬ ವಾರ್ಷಿಕ ಪಾಸ್ ಕೂಡ ದೊಡ್ಡ ರಜೆಗಳಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವರ್ಷದಲ್ಲಿ ಹಲವು ಬಾರಿ ಹೋಗುವ ಮನಸ್ಸಿದ್ದರೆ ಅದು ಒಳ್ಳೆಯ ಆಯ್ಕೆಯೇ, ಪಾಸಿನ ಹಣವನ್ನು ತಿಂಗಳ ಕಂತುಗಳಲ್ಲಿ ಕಟ್ಟುವ ಸೌಲಭ್ಯವೂ ಫ್ಲೋರಿಡಾ ನಿವಾಸಿಗಳಿಗಿದೆ.

ಆದ್ದರಿಂದ ರಿಯಾಯಿತಿಯನ್ನು ಹುಡುಕುವ ಮೊದಲು ದಿನಾಂಕವನ್ನು ಮತ್ತೊಮ್ಮೆ ಯೋಚಿಸಿ. 2018ರ ಅಕ್ಟೋಬರ್‌ನಿಂದ ಡಿಸ್ನಿ ವರ್ಲ್ಡ್‌ನ ಟಿಕೆಟ್ ದರವು ಹೋಗುವ ದಿನಾಂಕಕ್ಕೆ ತಕ್ಕಂತೆ ಬದಲಾಗುತ್ತದೆ. 2025ರಲ್ಲಿ ವಯಸ್ಕರ ಒಂದು ದಿನದ ಟಿಕೆಟ್ ಅಗ್ಗದ ದಿನಗಳಲ್ಲಿ 119 ಡಾಲರ್ ಇದ್ದರೆ, ಕ್ರಿಸ್‌ಮಸ್ ವಾರದಲ್ಲಿ ಅದರೊಳಗಿನ ಮ್ಯಾಜಿಕ್ ಕಿಂಗ್‌ಡಮ್ ಎಂಬ ಪಾರ್ಕಿಗೆ 199 ಡಾಲರ್ ಮುಟ್ಟಿತು. ತಲೆಗೆ 80 ಡಾಲರಿನ ಈ ಅಂತರವನ್ನು ಯಾವ ಮಾರಾಟಗಾರನ ರಿಯಾಯಿತಿಯೂ ತುಂಬಿಕೊಡಲಾರದು. ನ್ಯೂಜೆರ್ಸಿಯ ಶಾಲೆಗಳಿಗೆ ನವೆಂಬರ್ ಮೊದಲ ಭಾಗದಲ್ಲಿ ಶಿಕ್ಷಕರ ಸಮಾವೇಶದ ನಿಮಿತ್ತ ಗುರುವಾರ, ಶುಕ್ರವಾರ ರಜೆಯಿರುತ್ತದೆ. ಆ ವಾರವೂ ಒರ್ಲ್ಯಾಂಡೊದಲ್ಲಿ ಆ ರಾಜ್ಯದವರ ಸಂದಣಿ ಇರುವುದು ನಿಜವಾದರೂ ಡಿಸೆಂಬರ್ ಕೊನೆಯಷ್ಟು ದುಬಾರಿಯಲ್ಲ. ಅಣ್ಣನವರೊಡನೆ ಒಮ್ಮೆ ಮಾತನಾಡಿ ನೋಡಿ.

ದಿನಾಂಕ ನಿಶ್ಚಯವಾದ ಮೇಲೆ ಎಷ್ಟು ದಿನಗಳ ಟಿಕೆಟ್ ಎಂಬುದನ್ನು ತೀರ್ಮಾನಿಸಬೇಕು. ದಿನಗಳು ಹೆಚ್ಚಿದಂತೆ ಪ್ರತಿದಿನದ ದರ ಇಳಿಯುತ್ತದೆ. ನಾಲ್ಕು ದಿನದ ಸಾಮಾನ್ಯ ಟಿಕೆಟನ್ನು ಮೊದಲ ದಿನಾಂಕದಿಂದ ಏಳು ದಿನಗಳೊಳಗೆ ಬಳಸಬಹುದಾದ್ದರಿಂದ, ಬಿಸಿಲಲ್ಲಿ ನಡೆದು ದಣಿಯುವ ಅಪ್ಪ ಅಮ್ಮನಿಗೆ ನಡುವೆ ವಿಶ್ರಾಂತಿಯ ದಿನ ಇಟ್ಟುಕೊಳ್ಳಲು ಅವಕಾಶವಿದೆ. ಒಂದೇ ದಿನ ಹಲವು ಪಾರ್ಕುಗಳಿಗೆ ಹೋಗುವ ಪಾರ್ಕ್ ಹಾಪರ್‌ಗೆ ಹೆಚ್ಚಿನ ಹಣ ತೆರಬೇಕು, ವಯಸ್ಸಾದವರೂ ಪುಟ್ಟ ಮಕ್ಕಳೂ ಇರುವ ನಿಮ್ಮ ಗುಂಪಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ. ನಿಮ್ಮ ಎರಡು ವರ್ಷದ ಮಗುವಿಗೆ ಟಿಕೆಟ್ ಬೇಕಿಲ್ಲ, ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಹತ್ತು ತುಂಬಿದರೆ ವಯಸ್ಕರ ದರ.

ಹೊರಗಿನವರಿಗೆ ನಂಬಿಕೆಯ ದಾರಿಯೆಂದರೆ ಪಾರ್ಕಿನಿಂದ ಅಧಿಕೃತ ಅನುಮತಿ ಪಡೆದ ಮಾರಾಟಗಾರರು. ಅಂಡರ್‌ಕವರ್ ಟೂರಿಸ್ಟ್ ಎಂಬ ಸಂಸ್ಥೆ ಇಂಥವುಗಳಲ್ಲಿ ಒಂದು. ಎಎಎ ಎಂಬ ಅಮೆರಿಕದ ವಾಹನ ಸವಾರರ ಸಂಘದ ಸದಸ್ಯತ್ವವಿದ್ದರೆ ಅಲ್ಲಿಯೂ ವಿಚಾರಿಸಬಹುದು. ಅಮೆರಿಕದ ಅನೇಕ ಕಂಪನಿಗಳು ಉದ್ಯೋಗಿಗಳಿಗಾಗಿ ರಿಯಾಯಿತಿ ಟಿಕೆಟ್‌ಗಳ ವ್ಯವಸ್ಥೆ ಮಾಡಿಕೊಂಡಿರುವುದರಿಂದ ಅಣ್ಣನವರು ತಮ್ಮ ಕಚೇರಿಯ ಮಾನವ ಸಂಪನ್ಮೂಲ ವಿಭಾಗವನ್ನು ಕೇಳುವುದು ಒಳಿತು. ಉಳಿತಾಯ ದೊಡ್ಡದೇನಲ್ಲ, ಅದೂ ಬಹುಪಾಲು ಹಲವು ದಿನಗಳ ಟಿಕೆಟ್‌ಗಳಲ್ಲೇ ಕಾಣುತ್ತದೆ. ಹೋಲಿಸುವಾಗ ತೆರಿಗೆಯನ್ನು ಮರೆಯಬೇಡಿ: ಡಿಸ್ನಿಯ ಜಾಲತಾಣದಲ್ಲಿ ಮೊದಲು ಕಾಣುವ ದರಕ್ಕೆ ತೆರಿಗೆ ಸೇರಿರುವುದಿಲ್ಲ, ಡಿಸ್ನಿ ವರ್ಲ್ಡ್ ಇರುವ ಆರೆಂಜ್ ಕೌಂಟಿಯಲ್ಲಿ ಮಾರಾಟ ತೆರಿಗೆ ಶೇ 6.5 ಇರುವುದರಿಂದ 500 ಡಾಲರಿನ ಟಿಕೆಟ್ ಕೊನೆಗೆ 532 ಡಾಲರ್ 50 ಸೆಂಟ್ ಆಗುತ್ತದೆ. ಅದೇ ದಿನಾಂಕ, ಅದೇ ಬಗೆಯ ಟಿಕೆಟ್ ಇಟ್ಟುಕೊಂಡು, ಹಣ ಪಾವತಿಸುವ ಪುಟದಲ್ಲಿ ಕಾಣುವ ಒಟ್ಟು ಮೊತ್ತವನ್ನೇ ಹೋಲಿಸಿ.

ಬಳಸಿ ಉಳಿದ ಟಿಕೆಟ್‌ಗಳ ವಿಷಯದಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ, ಕೊಳ್ಳಬೇಡಿ. ಹಲವು ದಿನಗಳ, ವರ್ಗಾಯಿಸಲಾಗದ ಟಿಕೆಟನ್ನು ಒಮ್ಮೆ ಬಳಸಿದ ಬಳಿಕ ಮಾರುವುದು ಫ್ಲೋರಿಡಾ ಕಾನೂನಿನ 817.361ನೇ ಸೆಕ್ಷನ್ ಪ್ರಕಾರ ಅಪರಾಧ. ಮೇಲಾಗಿ ಡಿಸ್ನಿ ವರ್ಲ್ಡ್‌ನ ಪ್ರವೇಶದ್ವಾರದಲ್ಲಿ ಟಿಕೆಟ್ ಜೊತೆಗೆ ಬೆರಳನ್ನೂ ಸ್ಕ್ಯಾನ್ ಮಾಡುತ್ತಾರೆ, ಮೊದಲು ಬಳಸಿದವರ ಬೆರಳಿಗೆ ನಿಮ್ಮದು ಹೊಂದದೆ ಹೋದರೆ ಹಣವೂ ಹೋಯಿತು, ಆ ದಿನವೂ ಹೋಯಿತು. ಒರ್ಲ್ಯಾಂಡೊ ಸುತ್ತಿನ ರಸ್ತೆಗಳಲ್ಲಿ ಅತಿ ಅಗ್ಗದ ಟಿಕೆಟ್ ಎಂದು ಫಲಕ ಕಂಡರೆ, ಅದರ ಹಿಂದೆ ಟೈಮ್‌ಶೇರ್ (ವರ್ಷದಲ್ಲಿ ಕೆಲವು ದಿನ ಬಳಸುವ ರಜಾ ವಸತಿಯ ಪಾಲು) ಮಾರಾಟದ ಸಭೆ ಇರುವ ಸಂಭವ ಹೆಚ್ಚು. ಆ ಟಿಕೆಟ್ ನಿಜವಾದದ್ದೇ ಇರಬಹುದು, ಆದರೆ ಗಂಟೆಗಟ್ಟಲೆ ಒತ್ತಾಯದ ಮಾತು ಕೇಳಿ ಕೂರಬೇಕಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಅದನ್ನು ನಾನು ಸೂಚಿಸಲಾರೆ.

ಮುಂಗಡವಾಗಿ ಕೊಂಡ ಟಿಕೆಟ್‌ನ ಅವಧಿ, ಕಾಯಿಲೆಯಿಂದಲೋ ವಿಮಾನ ರದ್ದಾಗಿಯೋ, ಒಂದು ದಿನವೂ ಬಳಸದೆ ಮುಗಿದುಹೋದರೆ ಗಾಬರಿಯಾಗಬೇಕಿಲ್ಲ: ಡಿಸ್ನಿ ವರ್ಲ್ಡ್‌ನ ಸಾಮಾನ್ಯ ಟಿಕೆಟ್‌ಗಳಲ್ಲಿ ಕೊಟ್ಟ ಹಣವನ್ನು ಮುಂದಿನ ಟಿಕೆಟ್‌ಗೆ ಜಮಾ ಮಾಡಿ, ದರದ ವ್ಯತ್ಯಾಸವನ್ನಷ್ಟೇ ಕಟ್ಟಿಸಿಕೊಳ್ಳುತ್ತಾರೆ. ರಿಯಾಯಿತಿ ಟಿಕೆಟ್‌ಗಳ ನಿಯಮ ಬೇರೆಯಾಗಿರಬಹುದಾದ್ದರಿಂದ ಕೊಳ್ಳುವ ಮುನ್ನ ಅದರ ಷರತ್ತುಗಳನ್ನು ಓದಿ, ಅಣ್ಣನವರಿಗೂ ಓದಲು ಹೇಳಿ.