ಅಕ್ರಿಲಿಕ್ ಮೀನುತೊಟ್ಟಿಯ ಗೀರುಗಳು

ಪ್ರಶ್ನೆ: ನಮ್ಮ ಅಕ್ರಿಲಿಕ್ ಮೀನುತೊಟ್ಟಿಯ ಒಳಗೂ ಹೊರಗೂ ಗೀರುಗಳು ಬಿದ್ದಿವೆ. ಮೀನುಗಳನ್ನು ತೆಗೆಯದೆ ಇವನ್ನು ಹೋಗಲಾಡಿಸಬಹುದೇ?

ಉತ್ತರ: ಹೋಗಲಾಡಿಸಬಹುದು, ಗಾಜಿಗಿಂತ ಮೃದುವಾದ ಅಕ್ರಿಲಿಕ್ ಬೇಗ ಗೀರು ಬೀಳುತ್ತದೆಯಾದರೂ, ಅದೇ ಮೃದುತ್ವದಿಂದಾಗಿ ಅದನ್ನು ಮನೆಯಲ್ಲಿಯೇ ಉಜ್ಜಿ ಮತ್ತೆ ಹೊಳಪಿಗೆ ತರಲು ಸಾಧ್ಯ. ಮೊದಲು ಹೊರಗಿನ ಗೀರಿಗೆ ಅಡ್ಡಲಾಗಿ ಉಗುರಾಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪ್ಲಾಸ್ಟಿಕ್ ಪಾಲಿಶ್ ಸಾಕು. ಸಿಕ್ಕಿಕೊಂಡರೆ, ನೀರಿನಲ್ಲಿ ನೆನೆಸಿದ 800ನೇ ಸಂಖ್ಯೆಯ ವಾಟರ್ ಪೇಪರ್‌ನಿಂದ (ಒದ್ದೆಯಾಗಿ ಬಳಸುವ ಉಜ್ಜುಕಾಗದ) ಆರಂಭಿಸಿ 1200, 2000 ಎಂದು ನಯವಾದ ಹಾಳೆಗಳಿಗೆ ಸಾಗಬೇಕು. ಪ್ರತಿ ಹಾಳೆಗೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ಬದಲಿಸಿದರೆ, ಹಿಂದಿನ ಹಾಳೆಯ ಗೆರೆಗಳು ಪೂರ್ತಿ ಅಳಿದಿವೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಮೈ ಹಾಲುಬಣ್ಣಕ್ಕೆ ತಿರುಗಿತೆಂದು ಗಾಬರಿಯಾಗಬೇಡಿ, ಕೊನೆಯ ಪಾಲಿಶ್‌ನಲ್ಲಿ ಅದು ತಿಳಿಯಾಗುತ್ತದೆ. ಗೀರಿದ್ದ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ತಗ್ಗು ಬಿದ್ದು ಮೀನು ಡೊಂಕಾಗಿ ಕಾಣುವುದರಿಂದ, ಸುತ್ತಲಿನ ಜಾಗವನ್ನೂ ಸೇರಿಸಿಕೊಂಡು ಉಜ್ಜಿ.

ಒಳಮೈಯ ಮಾತು ಬೇರೆ. ಮೀನುಗಳಿರುವಾಗ ಅಲ್ಲಿ ಪಾಲಿಶ್ ದ್ರವವನ್ನು ದಯವಿಟ್ಟು ಬಳಸಬೇಡಿ. ಅಕ್ವೇರಿಯಂಗೆಂದೇ ಮಾಡಿದ ಅತಿ ನಯವಾದ ಹಾಳೆಗಳಿಂದ ಮಾತ್ರ ಉಜ್ಜಬೇಕು. ಅಲ್ಲಿನ ಸಣ್ಣ ಗೀರುಗಳನ್ನು ಹಾಗೆಯೇ ಬಿಡುವುದು ಲೇಸೆಂದು ನನ್ನ ಅಭಿಪ್ರಾಯ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ) 1.49, ನೀರಿನದು 1.33, ಗಾಳಿಯದು ಸುಮಾರು 1. ನೀರಿನದು ಗಾಳಿಯದಕ್ಕಿಂತ ಅಕ್ರಿಲಿಕ್‌ನದಕ್ಕೆ ಹತ್ತಿರವಾಗಿರುವುದರಿಂದ, ನೀರು ತುಂಬಿಕೊಂಡ ಗೀರು ಬಹುಮಟ್ಟಿಗೆ ಮರೆಯಾಗುತ್ತದೆ. ಅಮೋನಿಯಾ ಬೆರೆತ, ಗಾಜು ಒರೆಸುವ ದ್ರವವನ್ನು ಮಾತ್ರ ತಾಗಿಸಬೇಡಿ. ಅದರಿಂದ ಅಕ್ರಿಲಿಕ್‌ನಲ್ಲಿ ಮೂಡುವ ಸೂಕ್ಷ್ಮ ಬಿರುಕುಗಳು ಪಾಲಿಶ್‌ಗೆ ಬಗ್ಗುವುದಿಲ್ಲ.