ಮಾವನವರ ಫೋನ್ ಕಿತ್ತುಕೊಳ್ಳಬೇಡಿ

ಪ್ರಶ್ನೆ: ನಮ್ಮ ಮಾವನವರಿಗೆ ಎರಡೂ ಕಣ್ಣು ಕಾಣಿಸುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಫೋನ್ ಚೆನ್ನಾಗಿಯೇ ಬಳಸುತ್ತಾರೆ. ಮೊನ್ನೆ ಯಾರೋ ‘ಬ್ಯಾಂಕಿನಿಂದ ಮಾತಾಡ್ತಿದೀವಿ, ಕೆವೈಸಿ ಆಗಿಲ್ಲ, ಖಾತೆ ಬಂದ್ ಆಗುತ್ತೆ’ ಅಂದು, ಒಂದು ಆ್ಯಪ್ ಹಾಕಿಸಿ, ಪಿಂಚಣಿಯ 18,000 ರೂಪಾಯಿ ಎಳೆದುಬಿಟ್ಟರು. ಇನ್ನು ಫೋನ್, ಎಟಿಎಂ ಕಾರ್ಡ್ ನಮ್ಮ ಹತ್ತಿರವೇ ಇರಲಿ ಅಂತಾರೆ ನಮ್ಮ ಯಜಮಾನರು. ಸರಿಯಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಬೇಡ ತಾಯಿ. ನನಗೂ ಕಣ್ಣು ಕಾಣಿಸುವುದಿಲ್ಲ. ಬ್ಯಾಂಕೊಂದರಲ್ಲಿ 27 ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದೆ. ದನಿಯಲ್ಲೇ ಮನುಷ್ಯರನ್ನು ಗುರುತಿಸೋರು ನಾವು. ದನಿ ನಯವಾಗಿದ್ದರೆ ನಂಬಿಬಿಡುತ್ತೇವೆ. ಇದರಲ್ಲಿ ನಿಮ್ಮ ಮಾವನವರ ದಡ್ಡತನ ಏನೂ ಇಲ್ಲ. ಕಣ್ಣಿದ್ದವರೂ ದಿನಾ ಮೋಸ ಹೋಗುತ್ತಿದ್ದಾರಲ್ವಾ?

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅದೇ ಗಳಿಗೆ ಬ್ಯಾಂಕಿಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಾವೇ ಪಿನ್ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗುವ ಹಣಕ್ಕೆ ಬ್ಯಾಂಕೇ ಹೊಣೆ. ಆ ಆ್ಯಪನ್ನು ಈಗಲೇ ತೆಗೆದುಹಾಕಿ, ಪಿನ್, ಪಾಸ್‌ವರ್ಡ್ ಎಲ್ಲಾ ಬದಲಿಸಿ. ಅದು ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಆಗಿದ್ದರೆ, ಮಾವನವರಿಗೆ ಕಾಣದ ಪರದೆ ಕಳ್ಳನಿಗೆ ಪೂರ್ತಿ ಕಂಡಿರುತ್ತದೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಅಪಾಯ ನಮ್ಮ ಕಿವಿಯ ಪಕ್ಕದಲ್ಲೇ ಇದೆ. ಒಮ್ಮೆ ಮೈಸೂರಿನ ಬಸ್ಸಿನಲ್ಲಿ ಕೂತಿದ್ದೆ. ಒಟಿಪಿ ಬಂತು. ಟಾಕ್‌ಬ್ಯಾಕ್ ಆರು ಅಂಕಿಯನ್ನೂ ಒಂದೊಂದಾಗಿ, ಜೋರಾಗಿ ಓದಿತು. ಪಕ್ಕದ ಹುಡುಗ ಮೆಲ್ಲಗೆ, ‘ಸರ್, ನಂಗೂ ಕೇಳಿಸ್ತು’ ಅಂದ. ಒಳ್ಳೆಯ ಹುಡುಗ. ಅವತ್ತಿನಿಂದ ಇಯರ್‌ಫೋನ್ ಇಲ್ಲದೆ ಬ್ಯಾಂಕಿನ ಮೆಸೇಜ್ ತೆರೆಯುವುದಿಲ್ಲ. ಲಾಕ್ ಆಗಿರುವಾಗ ಮೆಸೇಜ್ ಒಳಗಿನದು ಕೇಳಿಸದ ಹಾಗೆ ಸೆಟ್ಟಿಂಗ್ ಮಾಡಿಸಿದ್ದೇನೆ.

‘ಕಸ್ಟಮರ್ ಕೇರ್ ನಂಬರ್’ ಎಂದು ಗೂಗಲ್‌ಗೆ ಬಾಯಲ್ಲಿ ಹೇಳಿ, ಮೊದಲು ಸಿಕ್ಕಿದ ನಂಬರಿಗೆ ಫೋನ್ ಮಾಡುವ ಅಭ್ಯಾಸ ನಮ್ಮವರಲ್ಲಿ ಜಾಸ್ತಿ. ಅಲ್ಲಿ ಕಳ್ಳರ ನಂಬರೂ ಇರುತ್ತದೆ. ಎಟಿಎಂ ಕಾರ್ಡಿನ ಹಿಂದಿರುವ ನಂಬರನ್ನು ನೀವೇ ಓದಿ, ಮಾವನವರ ಕೈಯಲ್ಲೇ ಸೇವ್ ಮಾಡಿಸಿ. ಯಾರೇ ‘ಬ್ಯಾಂಕಿನವರು’ ಅಂದರೂ ಫೋನ್ ಇಟ್ಟು, ಆ ನಂಬರಿಗೆ ಅವರೇ ಮಾಡಲಿ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ ಎಂಬುದನ್ನೂ ಹೇಳಿ.

ಇನ್ನು ನಿಮ್ಮ ಯಜಮಾನರ ಮಾತು. ಕಣ್ಣು ಕಾಣದವರಿಗೂ ಚೆಕ್ ಬುಕ್, ಎಟಿಎಂ, ಲಾಕರ್ ಎಲ್ಲವನ್ನೂ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬ್ಯಾಂಕು ಕಿತ್ತುಕೊಳ್ಳಬಾರದ್ದನ್ನು ಮನೆಯವರು ಕಿತ್ತುಕೊಳ್ಳುವುದೇ? ಕಾರ್ಡು ನಿಮ್ಮ ಹತ್ತಿರ ಹೋದರೆ ಪಿನ್ನೂ ಹೋಗುತ್ತದೆ. ಆಮೇಲೆ ತಮ್ಮ ದುಡ್ಡಿಗೆ ಅವರು ನಿಮ್ಮ ಮುಖ ನೋಡಬೇಕು. ಅದರ ಬದಲು ಅವರಿಗೊಂದು ವೈರ್ ಇರುವ ಇಯರ್‌ಫೋನ್ ತಂದುಕೊಡಿ. ಮಾತಾಡುವ ಎಟಿಎಂಗೂ ಅದೇ ಬೇಕು. ಕೀಲಿಗಳ ನಡುವೆ 5ರ ಮೇಲೆ ಸಣ್ಣ ಚುಕ್ಕೆ ಇರುತ್ತದೆ. ಒಮ್ಮೆ ಜೊತೆಗೆ ಹೋಗಿ ಅವರ ಬೆರಳನ್ನು ಅದರ ಮೇಲಿಟ್ಟು, ನೀವು ಹೊರಗೆ ನಿಂತುಕೊಳ್ಳಿ.